ಪ್ರೆಸ್-ಆನ್ ಉಗುರು: ನೀರೇ ಕೂರಿಸುತ್ತದೆ, ನೀರೇ ಬಿಡಿಸುತ್ತದೆ

ಚಿಕ್ಕಮ್ಮನ ಮಗಳ ಮದುವೆಯಲ್ಲಿ ಊಟದ ಪಂಕ್ತಿಗೆ ಕೂತಾಗ ನನ್ನ ಕೈಯಲ್ಲಿ ಹತ್ತು ಉಗುರು ಇತ್ತು. ಹೋಳಿಗೆ ಬಡಿಸುವ ಹೊತ್ತಿಗೆ ಒಂಬತ್ತಾಗಿತ್ತು. ಬಲಗೈ ತೋರುಬೆರಳು ಬೋಳು. ಸೀರೆ ನೆರಿಗೆ ಕೊಡವಿದೆ, ಎಲೆಯ ಆಚೆ ಈಚೆ ನೋಡಿದೆ. ಪಕ್ಕದಲ್ಲಿದ್ದ ಸೋದರತ್ತೆ "ಏನೇ ಹುಡುಕ್ತಿದ್ದೀಯ, ಓಲೆ ಬಿತ್ತಾ?" ಅಂದರು. "ಉಗುರು ಬಿತ್ತು ಅತ್ತೆ" ಅನ್ನುವ ಧೈರ್ಯ ಬರಲಿಲ್ಲ. ಕೊನೆಗೆ ಕೋಸಂಬರಿಯ ಅಡಿಯಲ್ಲಿ ಸಿಕ್ಕಿತು, ತಿಳಿಗುಲಾಬಿ ಬಣ್ಣದಲ್ಲಿ ಹೊಳೆಯುತ್ತಾ.

ಅವತ್ತು ನಾನು ಬೈದದ್ದು ಗ್ಲೂವನ್ನು. ಆಮೇಲೆ ಗೊತ್ತಾಯಿತು, ತಪ್ಪು ಗ್ಲೂದಲ್ಲ, ನನ್ನದು. ಬೆಳಗ್ಗೆ ಎಣ್ಣೆ ಸ್ನಾನ ಮಾಡಿ, ಕೈ ಒರೆಸಿಕೊಂಡು, ಹತ್ತೇ ನಿಮಿಷದಲ್ಲಿ ಉಗುರು ಅಂಟಿಸಿಕೊಂಡಿದ್ದೆ. ಎಣ್ಣೆಯೂ ಇತ್ತು, ನೀರೂ ಇತ್ತು. ಇಷ್ಟು ಸಾಕು.

ಮನೆಯಲ್ಲೇ ಪ್ರೆಸ್-ಆನ್ ಹಾಕಿಕೊಳ್ಳುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾಕೆ ಎರಡೇ ದಿನಕ್ಕೆ ಬೀಳುತ್ತದೆ? ತೆಗೆದ ಮೇಲೆ ನನ್ನ ಉಗುರು ಯಾಕೆ ಹಾಳೆಯ ಹಾಗೆ ತೆಳ್ಳಗಾಗಿದೆ? ನೇಲ್ ಪಾಲಿಶ್ ತೆಗೆಯಲು ಬಳಸುವ ಅಸಿಟೋನ್ ಹಾಕಿದರೆ ಉಗುರು ಯಾಕೆ ಅಂಟಂಟಾಗಿ ಕರಗಿತು? ಉತ್ತರ ಹುಡುಕಿದರೆ ಹೆಚ್ಚಿನವು ನೀರಿನ ಹತ್ತಿರವೇ ಬಂದು ನಿಲ್ಲುತ್ತವೆ.

ಡಬ್ಬಿಯೊಳಗೆ ಇರುವುದೇನು

ಪ್ರೆಸ್-ಆನ್ ಅಂದರೆ ಮೊದಲೇ ಆಕಾರ ಕೊಟ್ಟು, ಬಣ್ಣ ಹಚ್ಚಿ, ರೆಡಿಯಾಗಿ ಬರುವ ಪ್ಲಾಸ್ಟಿಕ್ ಉಗುರು. ಫ್ಯಾನ್ಸಿ ಸ್ಟೋರ್‌ನಲ್ಲೋ ಆನ್‌ಲೈನ್‌ನಲ್ಲೋ ಸಿಗುವ ಡಬ್ಬಿಯಲ್ಲಿ ಸಾಮಾನ್ಯವಾಗಿ 24 ಅಥವಾ 30 ಉಗುರು ಇರುತ್ತವೆ. ಜೊತೆಗೆ ಒಂದು ಪುಟ್ಟ ಗ್ಲೂ, ಇಲ್ಲವೇ ಜೆಲ್ಲಿಯಂಥ ಸ್ಟಿಕರ್ ಹಾಳೆ, ಉಗುರು ಉಜ್ಜುವ ಒಂದು ಫೈಲ್, ಒಂದು ಮರದ ಕಡ್ಡಿ. ಹೆಚ್ಚಿನವನ್ನು ಮಾಡುವುದು ಎಬಿಎಸ್ ಅನ್ನುವ ಪ್ಲಾಸ್ಟಿಕ್‌ನಲ್ಲಿ. ಮಕ್ಕಳು ಆಡುವ ಲೆಗೊ ಇಟ್ಟಿಗೆಯೂ ಇದರದೇ. ಗಟ್ಟಿ, ಹಗುರ, ನೀರಿಗೆ ಜಗ್ಗುವುದಿಲ್ಲ. ಆದರೆ ಅಸಿಟೋನ್ ತಾಗಿದರೆ ಕರಗುತ್ತದೆ. ಈ ಎರಡು ಗುಣ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪಾರ್ಲರ್‌ನಲ್ಲಿ ಮಾಡುವ ಅಕ್ರಿಲಿಕ್ ಉಗುರು ಬೇರೆ. ಅಲ್ಲಿ ಒಂದು ದ್ರವ, ಒಂದು ಪುಡಿ ಕಲಸಿ ನಿಮ್ಮ ಉಗುರಿನ ಮೇಲೇ ಕಟ್ಟುತ್ತಾರೆ. ಜೆಲ್ ಆದರೆ ಬಣ್ಣದ ಹಾಗೆ ಹಚ್ಚಿ, ಲ್ಯಾಂಪ್ ಕೆಳಗೆ ಕೈ ಇಟ್ಟು ಗಟ್ಟಿ ಮಾಡುತ್ತಾರೆ. ಅವು ಟೈಲರ್ ಹತ್ತಿರ ಅಳತೆ ಕೊಟ್ಟು ಹೊಲಿಸಿದ ಬ್ಲೌಸ್ ಇದ್ದ ಹಾಗೆ. ಪ್ರೆಸ್-ಆನ್ ರೆಡಿಮೇಡ್. ರೆಡಿಮೇಡ್ ಬ್ಲೌಸ್‌ಗೆ ಎಲ್ಲೋ ಒಂದು ಕಡೆ ಹೊಲಿಗೆ ಹಾಕಲೇಬೇಕಲ್ವಾ, ಇದೂ ಹಾಗೆಯೇ. ಅಳತೆ ಸರಿಮಾಡಿಕೊಳ್ಳುವುದು ನಿಮ್ಮ ಕೆಲಸ.

ಅಂದಹಾಗೆ, ಅಕ್ರಿಲಿಕ್ ಉಗುರಿನ ಕಥೆ ಶುರುವಾದದ್ದು ಬ್ಯೂಟಿ ಪಾರ್ಲರ್‌ನಲ್ಲಿ ಅಲ್ಲ. 1954ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫ್ರೆಡ್ ಸ್ಲ್ಯಾಕ್ ಅನ್ನುವ ಹಲ್ಲಿನ ಡಾಕ್ಟರ್ ಕೆಲಸ ಮಾಡುವಾಗ ಉಗುರು ಮುರಿದುಕೊಂಡರು. ಕೃತಕ ಹಲ್ಲಿಗೆ ಬಳಸುವ ಅಕ್ರಿಲಿಕ್ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಅದನ್ನೂ ಅಲ್ಯೂಮಿನಿಯಂ ಫಾಯಿಲನ್ನೂ ಬಳಸಿ ಒಂದು ಉಗುರು ಕಟ್ಟಿಕೊಂಡರು. ಹಲ್ಲಿಗೂ ಉಗುರಿಗೂ ಇರುವ ಈ ನಂಟು ಮುಂದೆ ಅಲರ್ಜಿಯ ಮಾತು ಬಂದಾಗ ಮತ್ತೆ ಎದುರಾಗುತ್ತದೆ.

ನೀರು ಕುಡಿಯುವ ಉಗುರು

ನಮ್ಮ ಉಗುರು ಕಲ್ಲಿನ ಹಾಗೆ ಗಟ್ಟಿ ಅನ್ನಿಸುತ್ತದೆ. ನಿಜಕ್ಕೂ ಅದು ಕೆರಾಟಿನ್ ಅನ್ನುವ ಪ್ರೋಟೀನ್ ತುಂಬಿದ ಸತ್ತ ಜೀವಕೋಶಗಳ ಪದರ. ಒಂದರ ಮೇಲೊಂದು ಒತ್ತಿ ಕೂತಿರುತ್ತವೆ. ಒಟ್ಟು ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಇದರ ವಿಚಿತ್ರ ಏನೆಂದರೆ, ಚರ್ಮಕ್ಕಿಂತ ಸುಮಾರು ಹತ್ತು ಪಟ್ಟು ಸುಲಭವಾಗಿ ನೀರು ಇದರೊಳಗೆ ಹೋಗಿ ಬರುತ್ತದೆ. ನಂಬಿಕೆ ಬರದಿದ್ದರೆ ಸ್ನಾನ ಆದ ಮೇಲೆ ಉಗುರು ಕತ್ತರಿಸಿ ನೋಡಿ. ಬೆಣ್ಣೆಯ ಹಾಗೆ ಕತ್ತರಿಸುತ್ತದೆ. ಒಂದು ರಾಶಿ ಪಾತ್ರೆ ತೊಳೆದ ಮೇಲೆ ಉಗುರಿನ ತುದಿ ಒತ್ತಿದರೆ ಸುಮ್ನೆ ಬಗ್ಗುತ್ತದೆ.

ನೀರು ಕುಡಿದ ಉಗುರು ಸ್ವಲ್ಪ ಉಬ್ಬುತ್ತದೆ, ಮೆತ್ತಗಾಗುತ್ತದೆ. ಒಣಗಿದಾಗ ಮತ್ತೆ ಕುಗ್ಗುತ್ತದೆ. ಮೇಲೆ ಕೂರುವ ಪ್ಲಾಸ್ಟಿಕ್ ಮಾತ್ರ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ನೆಂದ ಉಗುರಿನ ಮೇಲೆ ಅಂಟಿಸಿದರೆ ಏನಾಗುತ್ತದೆ ಯೋಚಿಸಿ. ಕೆಳಗಿನದು ನಿಧಾನವಾಗಿ ಕುಗ್ಗಿ ಜರುಗುತ್ತದೆ, ಮೇಲಿನದು ಅಲ್ಲೇ ನಿಂತಿರುತ್ತದೆ, ಮಧ್ಯದ ಗ್ಲೂ ಪದರ ಎಳೆದಾಟದಲ್ಲಿ ಬಿರುಕು ಬಿಡುತ್ತದೆ. ನನ್ನ ತೋರುಬೆರಳಿಗೆ ಆದದ್ದು ಇದೇ.

ಹಾಗಾಗಿ ಸ್ನಾನ, ಪಾತ್ರೆ, ಬಟ್ಟೆ ಯಾವುದೇ ನೀರಿನ ಕೆಲಸ ಆದ ಮೇಲೆ ಒಂದೆರಡು ಗಂಟೆ ಬಿಟ್ಟು ಕೂತುಕೊಳ್ಳಿ. ಪಾರ್ಲರ್‌ನ ಮ್ಯಾನಿಕ್ಯೂರ್ ನೋಡಿ ಬಂದವರು ಮೊದಲು ಬೋಗುಣಿಯಲ್ಲಿ ಬಿಸಿನೀರು ಇಟ್ಟು ಕೈ ನೆನೆಸುತ್ತಾರೆ. ಬರೀ ನೇಲ್ ಪಾಲಿಶ್ ಹಚ್ಚುವುದಿದ್ದರೂ ಅದು ಅಷ್ಟು ಒಳ್ಳೆಯದಲ್ಲ, ಪ್ರೆಸ್-ಆನ್‌ಗಂತೂ ಬೇಡವೇ ಬೇಡ.

ಗ್ಲೂ ಹೇಗೆ ಕೆಲಸ ಮಾಡುತ್ತದೆ

ಇಲ್ಲಿ ಕಥೆ ತಿರುವು ಪಡೆಯುತ್ತದೆ. ಉಗುರಿನ ಗ್ಲೂ ಗಟ್ಟಿಯಾಗುವುದೇ ನೀರಿನಿಂದ.

ಅದರ ಹೆಸರು ಸಯನೋಅಕ್ರಿಲೇಟ್. ಮನೆಯಲ್ಲಿ ಚಪ್ಪಲಿ, ಆಟದ ಸಾಮಾನು ಅಂಟಿಸುವ ಫೆವಿಕ್ವಿಕ್ ಕೂಡ ಇದೇ ಕುಟುಂಬದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಮತ್ತು ಜೊತೆಗಾರರು ಬಂದೂಕಿನ ಗುರಿ ನೋಡುವ ಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಆಗ ಈ ರಾಸಾಯನಿಕ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು, ಕಿರಿಕಿರಿ ಅಂತ ಬದಿಗಿಟ್ಟರು. 1951ರಲ್ಲಿ ಕೂವರ್ ತಂಡದ ಫ್ರೆಡ್ ಜಾಯ್ನರ್ ಅದನ್ನು ಒಂದು ಬೆಳಕಿನ ಉಪಕರಣದ ಎರಡು ಗಾಜಿನ ನಡುವೆ ಹಾಕಿ ಪರೀಕ್ಷೆ ಮಾಡಿದರು. ಗಾಜುಗಳು ಬಿಡಿಸಲಾರದಷ್ಟು ಅಂಟಿಕೊಂಡವು. ಆಗ ಇದು ತಲೆನೋವಲ್ಲ, ಸರಕು ಅಂತ ಹೊಳೆಯಿತು. 1958ರಲ್ಲಿ ಮಾರುಕಟ್ಟೆಗೆ ಬಂತು.

ಟ್ಯೂಬ್ ಒಳಗೆ ಅದು ಬಿಡಿಬಿಡಿ ಸಣ್ಣ ಅಣುಗಳ ದ್ರವ. ಗಾಳಿಯಲ್ಲಿ, ಚರ್ಮದ ಮೇಲೆ, ಉಗುರಿನ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಯಾವಾಗಲೂ ಇರುತ್ತದೆ. ಆ ತೇವ ತಾಗಿದ ಕೂಡಲೇ ಅಣುಗಳು ಕೈ ಕೈ ಹಿಡಿದು ಉದ್ದ ಸರಪಳಿಯಾಗುತ್ತವೆ. ಕೆಲವೇ ಸೆಕೆಂಡ್‌ನಲ್ಲಿ ದ್ರವ ಹೋಗಿ ಪ್ಲಾಸ್ಟಿಕ್ ಆಗುತ್ತದೆ. ಅದಕ್ಕೇ ಬೆರಳಿಗೆ ಇಷ್ಟು ಬೇಗ ಅಂಟುವುದು.

ಹಾಗಾದರೆ ಉಗುರು ಒದ್ದೆ ಇದ್ದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ಬೇಕಾದ ತೇವ ಕಣ್ಣಿಗೆ ಕಾಣದಷ್ಟು ಮಾತ್ರ. ಜಾಸ್ತಿಯಾದರೆ ಮೇಲ್ಮೈಯಲ್ಲೇ ತಟಕ್ಕನೆ ಹೆಪ್ಪುಗಟ್ಟುತ್ತದೆ, ಉಗುರಿನ ಏರುತಗ್ಗಿನೊಳಗೆ ಇಳಿದು ಹಿಡಿಯುವುದೇ ಇಲ್ಲ. ಮಳೆಗಾಲದಲ್ಲಿ ಉಡುಪಿ, ಮಂಗಳೂರು ಕಡೆ ಗ್ಲೂ ಬೇಗ ಹಿಡಿಯುವುದಕ್ಕೂ, ಅಂಚಿನಲ್ಲಿ ಬಿಳಿ ಪುಡಿಯಂಥ ಮಬ್ಬು ಕೂರುವುದಕ್ಕೂ ಗಾಳಿಯ ತೇವವೇ ಕಾರಣ. ಅಲ್ಲಿ ಟ್ಯೂಬ್ ತೆರೆದಿಟ್ಟು ಮಾತಾಡುತ್ತಾ ಕೂತರೆ ಮೂತಿಯೇ ಕಟ್ಟಿಕೊಳ್ಳುತ್ತದೆ.

ಎರಡನೇ ಗುಣ, ಇದು ತೆಳ್ಳಗಿದ್ದಷ್ಟೂ ಗಟ್ಟಿ. ತೇವ ಬರುವುದು ಎರಡೂ ಮೇಲ್ಮೈಗಳಿಂದ, ಹಾಗಾಗಿ ದಪ್ಪ ಹನಿಯ ಮಧ್ಯಭಾಗಕ್ಕೆ ಅದು ಮುಟ್ಟುವುದು ನಿಧಾನ. ಹೊರಗೆ ಗಟ್ಟಿ, ಒಳಗೆ ಹಸಿ. "ಬೀಳಬಾರದು" ಅಂತ ಒಂದು ಹನಿ ಜಾಸ್ತಿ ಹಾಕುವವರ ಉಗುರೇ ಮೊದಲು ಬೀಳುತ್ತದೆ.

ಮೂರನೆಯದು, ನೇರವಾಗಿ ಎಳೆದರೆ ಇದು ಬಿಡುವುದಿಲ್ಲ, ಆದರೆ ಒಂದು ಅಂಚಿನಿಂದ ಮೀಟಿದರೆ ಬಿಟ್ಟುಕೊಡುತ್ತದೆ. ಗಟ್ಟಿಯಾದ ಗ್ಲೂ ಬಿರುಸು, ಬಳುಕುವುದಿಲ್ಲ. ಉದ್ದ ಉಗುರು ಹಾರೆಕೋಲಿನ ಹಾಗೆ. ತುದಿಗೆ ಸಣ್ಣ ಪೆಟ್ಟು ಬಿದ್ದರೂ ಬುಡದಲ್ಲಿ ಅದರ ಬಲ ಹಲವು ಪಟ್ಟು. ಡಬ್ಬಿ ಮುಚ್ಚಳ, ಸಿಲಿಂಡರ್ ಕ್ಯಾಪ್, ಕಾರಿನ ಬಾಗಿಲು ತೆರೆಯುವಾಗ ಉಗುರು ಹಾರುವುದು ಇದಕ್ಕೇ. ಮೊದಲ ಸಲ ಹಾಕುವವರಿಗೆ ನನ್ನ ಮಾತು ಇಷ್ಟೇ: ಗಿಡ್ಡದ್ದು ತಗೊಳ್ಳಿ. ಫೋಟೋದಲ್ಲಿ ಉದ್ದ ಚೆಂದ ಕಾಣುತ್ತದೆ ನಿಜ, ಆದರೆ ಸೀರೆಗೆ ಪಿನ್ ಹಾಕುವಾಗ ಅಳು ಬರುತ್ತದೆ.

ಗ್ಲೂ ಮುಗಿಯಿತು ಅಂತ ಫೆವಿಕ್ವಿಕ್ ಹಾಕಬೇಡಿ. ಕುಟುಂಬ ಒಂದೇ ಆದರೂ ಅದನ್ನು ಮೈಮೇಲೆ ಹಾಕಲು ತಯಾರಿಸಿದ್ದಲ್ಲ.

ಸ್ಟಿಕರ್ ವಿಷಯ ಬೇರೆ. ಅದು ಗಟ್ಟಿಯಾಗುವುದೇ ಇಲ್ಲ, ಎರಡೂ ಕಡೆ ಅಂಟುವ ಟೇಪಿನ ಹಾಗೆ ಒತ್ತಡದಿಂದ ಹಿಡಿದಿರುತ್ತದೆ. ಒಂದು ದಿನದ ಸಮಾರಂಭ, ಹೆಚ್ಚೆಂದರೆ ಎರಡು ಮೂರು ದಿನಕ್ಕೆ ಸಾಕು. ಗ್ಲೂ ಸರಿಯಾಗಿ ಕೂತರೆ ವಾರ, ಹತ್ತು ದಿನ. ಒಂದು ಸಂಜೆಯ ರಿಸೆಪ್ಷನ್‌ಗೆ ಗ್ಲೂ ಹಾಕಿಕೊಂಡು ಮರುದಿನವೇ ಕೀಳುವವರನ್ನು ನೋಡಿದರೆ ನನಗೆ ಸಂಕಟ. ಅದಕ್ಕೆ ಸ್ಟಿಕರ್ ಇದೆಯಲ್ಲ.

ಅಂಟಿಸುವ ಮುಂಚೆ

ಅರ್ಧ ಗಂಟೆಯ ಕೆಲಸದಲ್ಲಿ ಇಪ್ಪತ್ತು ನಿಮಿಷ ತಯಾರಿಗೇ ಹೋಗಬೇಕು.

ಮೊದಲು ಅಳತೆ. ಡಬ್ಬಿಯಲ್ಲಿ ಪ್ರತಿ ಉಗುರಿನ ಹಿಂದೆ ಒಂದು ನಂಬರ್ ಇರುತ್ತದೆ. ಹೆಚ್ಚಾಗಿ 0 ಅಂದರೆ ಎಲ್ಲಕ್ಕಿಂತ ಅಗಲ, ನಂಬರ್ ಏರಿದಂತೆ ಸಣ್ಣದು. ಗ್ಲೂ ಮುಟ್ಟುವ ಮೊದಲೇ ಹತ್ತೂ ಬೆರಳಿಗೆ ಇಟ್ಟು ನೋಡಿ, ಅದೇ ಕ್ರಮದಲ್ಲಿ ಟೇಬಲ್ ಮೇಲೆ ಸಾಲಾಗಿ ಜೋಡಿಸಿ. ಎರಡೂ ಕೈ ಒಂದೇ ಅಂದುಕೊಳ್ಳಬೇಡಿ. ನನ್ನ ಬಲ ಹೆಬ್ಬೆರಳು ಎಡಕ್ಕಿಂತ ಒಂದು ನಂಬರ್ ಅಗಲ. ಉಗುರು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಾಗಿ ಮುಚ್ಚಬೇಕು, ಪಕ್ಕದ ಚರ್ಮದ ಮೇಲೆ ಹತ್ತಬಾರದು. ಎರಡು ನಂಬರ್ ಮಧ್ಯೆ ಸಿಕ್ಕಿಕೊಂಡರೆ ದೊಡ್ಡದನ್ನೇ ತಗೊಂಡು ಪಕ್ಕಗಳನ್ನು ಫೈಲ್‌ನಿಂದ ಉಜ್ಜಿ ಸಣ್ಣ ಮಾಡಿ. ಸಣ್ಣದನ್ನು ಒತ್ತಿ ಕೂರಿಸಿದರೆ ಅದು ತನ್ನ ಹಳೇ ಆಕಾರಕ್ಕೆ ಮರಳಲು ಒದ್ದಾಡುತ್ತಲೇ ಇರುತ್ತದೆ. ಉಗುರು ಬಿಗಿದು ನೋಯುತ್ತದೆ, ಆಮೇಲೆ ಅಂಚು ಏಳುತ್ತದೆ.

ಕೆಲವರ ಉಗುರು ಚಪ್ಪಟೆ, ಪ್ಲಾಸ್ಟಿಕ್ ಮಾತ್ರ ಕಮಾನಿನ ಹಾಗೆ. ಮಧ್ಯೆ ಜಾಗ ಉಳಿಯುತ್ತದೆ. ಬಿಸಿನೀರಿನಲ್ಲಿ ಪ್ಲಾಸ್ಟಿಕ್ ಉಗುರನ್ನು ಸ್ವಲ್ಪ ಹೊತ್ತು ಅದ್ದಿ, ಮೆತ್ತಗಾದಾಗ ಬೆರಳಿನಿಂದ ಒತ್ತಿ ಹಿಡಿದರೆ ಕೊಂಚ ಚಪ್ಪಟೆಯಾಗುತ್ತದೆ. ಪೂರ್ತಿ ಒರೆಸಿ ಒಣಗಿಸಿಯೇ ಬಳಸಿ.

ಇನ್ನು ನಿಮ್ಮ ಉಗುರು. ಹಳೇ ಪಾಲಿಶ್ ತೆಗೆಯಿರಿ. ಉಗುರನ್ನು ಗಿಡ್ಡವಾಗಿ ಕತ್ತರಿಸಿ. ಬುಡದಲ್ಲಿ ಉಗುರಿನ ಮೇಲೆ ಹರಿದುಬಂದ ತೆಳು ಪೊರೆಯನ್ನು ಮರದ ಕಡ್ಡಿಯಿಂದ ಮೆಲ್ಲಗೆ ಹಿಂದಕ್ಕೆ ಸರಿಸಿ. ಗ್ಲೂ ಆ ಪೊರೆಯ ಮೇಲೆ ಕೂತರೆ ಹಿಡಿಯುವುದು ಪೊರೆಯನ್ನೇ, ಉಗುರನ್ನಲ್ಲ. ಆದರೆ ಬುಡದ ಚರ್ಮ ಕತ್ತರಿಸಲು ಹೋಗಬೇಡಿ. ಅದು ಉಗುರಿನ ಬುಡಕ್ಕೆ ಕೊಳೆ, ಕ್ರಿಮಿ ಇಳಿಯದಂತೆ ತಡೆಯುವ ಬಾಗಿಲು. ಕತ್ತರಿಸಿದ ಜಾಗದಲ್ಲೇ ಉಗುರುಸುತ್ತು ಆಗುವುದು. ಆಮೇಲೆ ಬೆರಳಿಗೆ ನಿಂಬೆಹಣ್ಣು ಚುಚ್ಚಿಕೊಂಡು ಮದುವೆಗೆ ಹೋಗಬೇಕಾಗುತ್ತದೆ!

ಬಫರ್, ಅಂದರೆ ನಯವಾದ ಫೈಲ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಒಂದೆರಡು ಸಲ ಸವರಿ. ಪಾತ್ರೆ ಉಜ್ಜಿದ ಹಾಗೆ ಉಜ್ಜಬೇಡಿ, ಇರುವುದೇ ಅರ್ಧ ಮಿಲಿಮೀಟರ್. ಕೊನೆಗೆ ಡಬ್ಬಿಯಲ್ಲಿ ಬರುವ ಆಲ್ಕೋಹಾಲ್ ವೈಪ್‌ನಿಂದ ಪ್ರತಿ ಉಗುರನ್ನೂ ಅಂಚು ಸಮೇತ ಒರೆಸಿ. ಇಲ್ಲದಿದ್ದರೆ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಸ್ಪಿರಿಟ್ ಸ್ವಾಬ್ ನಡೆಯುತ್ತದೆ. ಕೈ ಮೆತ್ತಗಿರಲಿ ಅಂತ ಗ್ಲಿಸರಿನ್ ಹಾಕಿದ ಸ್ಯಾನಿಟೈಸರ್ ಬೇಡ, ಅದು ಪದರ ಉಳಿಸುತ್ತದೆ. ಒರೆಸಿದ ಮೇಲೆ ತಲೆ ಮುಟ್ಟಬೇಡಿ. ಕೊಬ್ಬರಿ ಎಣ್ಣೆ ಹಚ್ಚಿದ ತಲೆ ಮುಟ್ಟಿದರೆ ಮಾಡಿದ ತಯಾರಿಯೆಲ್ಲ ನೀರುಪಾಲು.

ಒತ್ತುವುದು

ಬಲಗೈ ಬಳಸುವವರು ಮೊದಲು ಬಲಗೈಗೇ ಹಾಕಿಕೊಳ್ಳಿ. ಎಡಗೈಗೆ ಮೊದಲೇ ಕೆಲಸ ಬಾರದು, ಅದಕ್ಕೆ ಉದ್ದ ಉಗುರೂ ಬಂದರೆ ಇನ್ನೂ ಕಷ್ಟ. ಹೆಬ್ಬೆರಳುಗಳು ಎರಡೂ ಕೊನೆಗೆ. ಉಳಿದವನ್ನು ಒತ್ತಲು ಅವೇ ಬೇಕು.

ನಿಮ್ಮ ಉಗುರಿಗೆ ಒಂದು ಸಣ್ಣ ಹನಿ, ಪ್ಲಾಸ್ಟಿಕ್ ಉಗುರಿನ ಒಳಗೆ ತೆಳು ಗೆರೆ. ಬುಡದ ಚರ್ಮಕ್ಕೆ ತಾಗದಂತೆ ಕೂದಲೆಳೆಯಷ್ಟು ಬಿಟ್ಟು, ಪ್ಲಾಸ್ಟಿಕ್ ಉಗುರನ್ನು ಓರೆಯಾಗಿ ಬುಡದ ಕಡೆ ಮೊದಲು ಇಡಿ. ಆಮೇಲೆ ಮೆಲ್ಲಗೆ ತುದಿಯ ಕಡೆ ಮಲಗಿಸಿ. ಹೀಗೆ ಮಾಡಿದರೆ ಮಧ್ಯದ ಗಾಳಿ ಮುಂದಕ್ಕೆ ತಳ್ಳಿಕೊಂಡು ಹೊರಹೋಗುತ್ತದೆ. ಮೇಲಿನಿಂದ ನೇರ ಒತ್ತಿದರೆ ಗಾಳಿಗುಳ್ಳೆ ಒಳಗೇ ಉಳಿಯುತ್ತದೆ. ಆ ಗುಳ್ಳೆ ನೋಡಲಷ್ಟೇ ಕೆಟ್ಟದ್ದಲ್ಲ, ಕೈ ತೊಳೆದಾಗ ನೀರು ಸೇರುವ ಗೂಡು ಅದೇ.

ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಧ್ಯ ಒತ್ತಿ, ಆಮೇಲೆ ಎರಡೂ ಪಕ್ಕ. ಪಕ್ಕ ಮರೆಯುವವರೇ ಹೆಚ್ಚು, ಏಳುವುದೂ ಅಲ್ಲಿಂದಲೇ. ಫೋನ್ ಬಂದರೆ ಬರಲಿ.

ಮುಗಿದ ಮೇಲೆ ಒಂದೆರಡು ಗಂಟೆ ನೀರು ಬೇಡ. ಅದಕ್ಕೆ ರಾತ್ರಿ ಊಟ, ಪಾತ್ರೆ ಎಲ್ಲ ಮುಗಿಸಿ ಮಲಗುವ ಮುಂಚೆ ಹಾಕಿಕೊಳ್ಳುವುದು ಒಳ್ಳೆಯದು. ರಾತ್ರಿ ಹೊತ್ತು ಉಗುರಿಗೆ ಕೈ ಹಾಕಬಾರದು ಅಂತ ಅಜ್ಜಿ ಗೊಣಗಬಹುದು. ಅವರು ಹೇಳಿದ್ದು ಕತ್ತರಿಸುವ ವಿಷಯ, ಅಂಟಿಸುವ ವಿಷಯ ಅಲ್ಲ ಅಂತ ವಾದ ಮಾಡಿ ನೋಡಿ.

ಮದುವೆಮನೆಯ ಲೆಕ್ಕ

ಮದುಮಗಳಿಗೆ ಕ್ರಮ ಮುಖ್ಯ. ಅರಿಶಿನ ಶಾಸ್ತ್ರ ಮೊದಲು ಮುಗಿಯಲಿ. ತಿಳಿ ಬಣ್ಣದ ಪ್ಲಾಸ್ಟಿಕ್‌ಗೆ ಅರಿಶಿನ ಹಿಡಿದರೆ ಹೋಗುವುದು ಕಷ್ಟ. ಮೆಹಂದಿಯೂ ಮೊದಲೇ ಆಗಬೇಕು. ಮೆಹಂದಿ ಉದುರಿಸಿದ ಮೇಲೆ ಬಣ್ಣ ಏರಲಿ ಅಂತ ಎಣ್ಣೆ ಹಚ್ಚುತ್ತೇವೆ, ಆ ಎಣ್ಣೆ ಉಗುರಿಗೂ ಇಳಿದಿರುತ್ತದೆ. ಬಳೆ ಶಾಸ್ತ್ರವೂ ಆಗಿಬಿಡಲಿ. ಬಳೆಗಾರ ಕೈ ಹಿಂಡಿ ಬಳೆ ಏರಿಸುವಾಗ ಹೆಬ್ಬೆರಳಿನ ಉಗುರು ಉಳಿದರೆ ಪುಣ್ಯ. ಇದೆಲ್ಲ ಆದ ಮೇಲೆ, ಮುಹೂರ್ತದ ಹಿಂದಿನ ರಾತ್ರಿ ಉಗುರು. ರಾತ್ರಿಯಿಡೀ ಒಣಗಿದ್ದಕ್ಕೆ ಬೆಳಗ್ಗೆ ಧಾರೆಯ ನೀರು ಏನೂ ಮಾಡುವುದಿಲ್ಲ.

ಊಟದ ಮಾತು ಮದುಮಗಳಿಗೊಬ್ಬಳಿಗೇ ಅಲ್ಲ. ಪ್ರೆಸ್-ಆನ್ ಬಗ್ಗೆ ಸಿಗುವ ಎಷ್ಟೋ ಸಲಹೆ ಫೋರ್ಕ್ ಹಿಡಿದು ತಿನ್ನುವವರಿಗಾಗಿ ಬರೆದದ್ದು. ನಾವು ಬಿಸಿ ಸಾರನ್ನ ಕಲಸಿ ತಿನ್ನುತ್ತೇವೆ. ಬಿಸಿ, ತುಪ್ಪ, ಹುಳಿ, ಅರಿಶಿನ ಎಲ್ಲ ಒಟ್ಟಿಗೆ ಬಂದು ಉಗುರಿನ ಅಂಚಿಗೆ ಕೂರುತ್ತವೆ. ರಾಗಿಮುದ್ದೆ ಮುರಿಯುವಾಗಿನ ಕಥೆ ಹೇಳುವುದೇ ಬೇಡ. ಚಪಾತಿ ಹಿಟ್ಟು ಉದ್ದ ಉಗುರಿನ ಅಡಿಗೆ ಹೊಕ್ಕರೆ ಕಡ್ಡಿ ಹಾಕಿ ತೆಗೆಯಬೇಕು. ಊಟ ಆದ ಕೂಡಲೇ ಬೆರಳುಗಳನ್ನು ಅಡಿಭಾಗದಿಂದ ತೊಳೆದು ಒರೆಸಿ. ಪಾತ್ರೆಗೆ ರಬ್ಬರ್ ಗ್ಲೌಸ್ ಹಾಕಿ. ಬೇರೆಯವರಿಗೆ ಅಡುಗೆ ಮಾಡಿ ಬಡಿಸುವ ಕೆಲಸದವರು ಇದನ್ನು ಹಾಕದಿರುವುದೇ ಸರಿ. ನನ್ನ ಉಗುರು ನನ್ನ ಎಲೆಯಲ್ಲೇ ಬಿದ್ದದ್ದು ನನ್ನ ಅದೃಷ್ಟ.

ಆಸ್ಪತ್ರೆಯಲ್ಲಿ ರೋಗಿಗಳನ್ನು ಮುಟ್ಟುವವರಿಗೆ ಇದು ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಕೈ ಶುಚಿತ್ವದ ಸೂಚನೆಯಲ್ಲಿ, ಅಂಥವರು ಕೃತಕ ಉಗುರು ಹಾಕಬಾರದು, ಸ್ವಂತ ಉಗುರಿನ ತುದಿಯೂ ಅರ್ಧ ಸೆಂಟಿಮೀಟರ್ ಒಳಗಿರಬೇಕು ಅಂತ ಹೇಳಿದೆ. ಕೃತಕ ಉಗುರಿನ ಅಡಿಯಲ್ಲಿ ಕ್ರಿಮಿಗಳು ಹೆಚ್ಚು ಉಳಿಯುತ್ತವೆ, ಕೈ ತೊಳೆದ ಮೇಲೂ. ನೀವೇ ಆಪರೇಷನ್‌ಗೆ ಹೋಗುವುದಿದ್ದರೂ ತೆಗೆದು ಹೋಗಿ. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುವ ಯಂತ್ರ ಉಗುರಿನ ಮೂಲಕವೇ ಬೆಳಕು ಹಾಯಿಸುತ್ತದೆ.

ಗ್ಲೂ ಚೆಲ್ಲಿದರೆ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಚೆಲ್ಲಿದ ಗ್ಲೂವನ್ನು ಹತ್ತಿಯಿಂದ ಒರೆಸಬೇಡಿ. ಸಯನೋಅಕ್ರಿಲೇಟ್ ಹತ್ತಿಗೆ ತಾಗಿದರೆ ಅದರ ಎಳೆಎಳೆಯ ಮೇಲೂ ಒಟ್ಟಿಗೆ ಗಟ್ಟಿಯಾಗುತ್ತದೆ. ಆಗ ಹೊರಬರುವ ಬಿಸಿ ಚರ್ಮ ಸುಡುವಷ್ಟಿರುತ್ತದೆ, ಕೆಲವೊಮ್ಮೆ ಹೊಗೆಯೂ ಏಳುತ್ತದೆ. ಹತ್ತಿ ನೈಟಿ, ಚೂಡಿದಾರದ ಮೇಲೆ ಚೆಲ್ಲಿಕೊಂಡು ತೊಡೆ ಸುಟ್ಟುಕೊಂಡವರಿದ್ದಾರೆ. ತೊಡೆಯ ಮೇಲೆ ಇಟ್ಟುಕೊಂಡು ಅಂಟಿಸುವ ಬದಲು ಟೇಬಲ್ ಮುಂದೆ ಕೂತುಕೊಳ್ಳಿ. ಬಟ್ಟೆಗೆ ಬಿದ್ದರೆ ತಕ್ಷಣ ಬಟ್ಟೆಯನ್ನು ಮೈಯಿಂದ ದೂರ ಹಿಡಿದು ತಣ್ಣೀರು ಸುರಿಯಿರಿ.

ಎರಡು ಬೆರಳು ಅಂಟಿಕೊಂಡರೆ ಎಳೆಯಬೇಡಿ. ಸೋಪು ಹಾಕಿದ ಬೆಚ್ಚಗಿನ ನೀರಿನಲ್ಲಿಟ್ಟು ಮೆಲ್ಲಗೆ ಹೊರಳಿಸುತ್ತಾ ಬಿಡಿಸಿ. ಕಣ್ಣಿಗೆ ಹೋದರೆ ರೆಪ್ಪೆ ಬಿಡಿಸಲು ಹೋಗದೆ, ಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಾ ಕಣ್ಣಿನ ಡಾಕ್ಟರ್ ಹತ್ತಿರ ಓಡಿ. ಕಣ್ಣಿಗೆ ಅಸಿಟೋನ್ ಯಾವ ಕಾರಣಕ್ಕೂ ಬೇಡ. ಗ್ಲೂ ಬಾಟಲಿ ಕಣ್ಣಿನ ಡ್ರಾಪ್ಸ್ ಬಾಟಲಿಯ ಹಾಗೇ ಪುಟ್ಟದು. ನಿದ್ದೆಗಣ್ಣಲ್ಲಿ ಅದಲುಬದಲಾದ ಘಟನೆಗಳು ನಡೆದಿವೆ. ಎರಡನ್ನೂ ಒಂದೇ ಡ್ರಾಯರ್‌ನಲ್ಲಿ ಇಡಬೇಡಿ.

ತೆಗೆಯುವುದು

ಉಗುರು ಹಾಳಾಗುವುದು ಹಾಕಿಕೊಂಡಾಗ ಅಲ್ಲ, ಕಿತ್ತಾಗ. ಒಂದು ಅಂಚು ಎದ್ದರೆ ಸಾಕು, ಬಸ್ಸಿನಲ್ಲಿ ಕೂತು ಅದನ್ನೇ ಮೀಟುತ್ತಾ ಮೀಟುತ್ತಾ ಕಿತ್ತುಬಿಡುತ್ತೇವೆ. ಗ್ಲೂ ಇನ್ನೂ ಹಿಡಿದಿರುವ ಕಡೆ ಅದು ನಿಮ್ಮ ಉಗುರಿನ ಮೇಲ್ಪದರವನ್ನೂ ಜೊತೆಗೆ ತಗೊಂಡೇ ಬರುತ್ತದೆ. ಆಮೇಲೆ ಉಳಿಯುವುದು ಬಿಳಿ ಬಿಳಿ ಮಚ್ಚೆ, ಹಾಳೆಯಂಥ ಉಗುರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತಾರೆ. ಚಮಚದ ತುದಿ, ಹೇರ್‌ಪಿನ್ ಹಾಕಿ ಮೀಟುವುದು ಉಗುರಿಗೇ ಕೊಡಲಿ ಹಾಕಿದ ಹಾಗೆ.

ಇಲ್ಲಿ ಮತ್ತೆ ನೀರು ಬರುತ್ತದೆ. ಗಟ್ಟಿಯಾದ ಗ್ಲೂ ಬಿಸಿ ಮತ್ತು ಸೋಪಿನ ನೀರಿನಲ್ಲಿ ಹೊತ್ತು ಕಳೆದರೆ ಹಿಡಿತ ಬಿಡುತ್ತದೆ. ಜೊತೆಗೆ ಕೆಳಗಿನ ಉಗುರು ನೀರು ಕುಡಿದು ಉಬ್ಬುತ್ತದೆ. ಅವತ್ತು ನನ್ನ ಉಗುರು ಬೀಳಿಸಿದ ಎಳೆದಾಟವೇ ಇಲ್ಲಿ ನಮ್ಮ ಪರ ಕೆಲಸ ಮಾಡುತ್ತದೆ. ಉಗುರುಬೆಚ್ಚಗಿನದಕ್ಕಿಂತ ಸ್ವಲ್ಪ ಜಾಸ್ತಿ, ಕೈ ತಡೆಯುವಷ್ಟು ಬಿಸಿನೀರು ತಗೊಳ್ಳಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಕೊಬ್ಬರಿ ಎಣ್ಣೆ ಒಂದು ಚಮಚ. ಹದಿನೈದು ಇಪ್ಪತ್ತು ನಿಮಿಷ ಕೈ ಮುಳುಗಿಸಿ ಕೂತುಕೊಳ್ಳಿ. ಆಮೇಲೆ ಮರದ ಕಡ್ಡಿಯನ್ನು ಪಕ್ಕದಿಂದ ತೂರಿಸಿ ಮೆಲ್ಲಗೆ ಆಡಿಸಿ. ಬಂದರೆ ಬರಲಿ. ಬರದಿದ್ದರೆ ಮತ್ತೆ ನೆನೆಸಿ. ಅವಸರ ಬೇಡ.

ಅಸಿಟೋನ್ ಇದಕ್ಕಿಂತ ವೇಗ. ಗ್ಲೂವನ್ನು ಕರಗಿಸುತ್ತದೆ, ಜೊತೆಗೆ ಎಬಿಎಸ್ ಪ್ಲಾಸ್ಟಿಕನ್ನೂ. ಉಗುರು ಅಂಟಂಟು ಮುದ್ದೆಯಾಗುವುದು ಇದಕ್ಕೇ. ಮತ್ತೆ ಬಳಸುವ ಆಸೆ ಇದ್ದರೆ ಬಿಡಿ. ಬೇಗ ಮುಗಿಯಲಿ ಅನ್ನುವವರು ಬೆರಳ ಸುತ್ತ ವ್ಯಾಸಲಿನ್ ಹಚ್ಚಿ, ಅಸಿಟೋನ್‌ನಲ್ಲಿ ನೆನೆಸಿದ ಹತ್ತಿ ಇಟ್ಟು ಫಾಯಿಲ್ ಸುತ್ತಬಹುದು. ಇಲ್ಲಿ ಗ್ಲೂ ಆಗಲೇ ಗಟ್ಟಿಯಾಗಿರುವುದರಿಂದ ಹತ್ತಿಯ ಭಯ ಇಲ್ಲ. ಭಯ ಬೆಂಕಿಯದ್ದು. ಅಸಿಟೋನ್ ಬಲುಬೇಗ ಹೊತ್ತಿಕೊಳ್ಳುತ್ತದೆ, ಅದರ ಆವಿಯೂ. ದೇವರ ದೀಪ, ಗ್ಯಾಸ್ ಒಲೆ, ಊದುಬತ್ತಿಯಿಂದ ದೂರ, ಕಿಟಕಿ ತೆರೆದು ಮಾಡಿ.

ತೆಗೆದ ಮೇಲೆ ಉಳಿದ ಗ್ಲೂ ಚೂರುಗಳನ್ನು ಬಫರ್‌ನಿಂದ ಮೆಲ್ಲಗೆ ಸವರಿ, ಎಣ್ಣೆ ಹಚ್ಚಿ. ಒಂದು ವಾರವಾದರೂ ಬರಿ ಉಗುರು ಇರಲಿ. ಉಗುರಿಗೆ "ಉಸಿರಾಡಲು" ಬಿಡಬೇಕು ಅನ್ನುವುದು ಸುಮ್ನೆ ಮಾತು, ಉಗುರು ಉಸಿರಾಡುವುದಿಲ್ಲ. ಬಿಡುವು ಕೊಡುವುದು ನೀವು ಅದನ್ನು ನೋಡಲಿ ಅಂತ. ಬಣ್ಣ ಬದಲಾಗಿದೆಯೇ, ಎಲ್ಲಾದರೂ ಎದ್ದಿದೆಯೇ? ಹಸಿರು ಕಲೆ ಕಂಡರೆ ಅದು ಫಂಗಸ್ ಅಂದುಕೊಳ್ಳುವವರೇ ಹೆಚ್ಚು. ಸಾಮಾನ್ಯವಾಗಿ ಅದು ಸ್ಯುಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಗಾಳಿಗುಳ್ಳೆಗೆ ನುಗ್ಗಿ ನಿಂತ ನೀರಿನಲ್ಲಿ ಬೆಳೆದು ತನ್ನ ಹಸಿರು ಬಣ್ಣ ಬಿಡುತ್ತದೆ. ಅದರ ಮೇಲೆ ಇನ್ನೊಂದು ಪ್ರೆಸ್-ಆನ್ ಮುಚ್ಚಿ ಮರೆಮಾಡುವುದು ಅತಿ ದೊಡ್ಡ ತಪ್ಪು. ಚರ್ಮದ ಡಾಕ್ಟರ್‌ಗೆ ತೋರಿಸಿ. ಒಂದು ಮೂಲೆ ಎದ್ದ ಪ್ರೆಸ್-ಆನ್ ಅಡಿಗೆ ಮತ್ತೊಂದು ಹನಿ ಗ್ಲೂ ತುಂಬುವುದೂ ಇದೇ ದಾರಿ, ಒಳಗಿನ ನೀರನ್ನು ಬೀಗ ಹಾಕಿ ಇಟ್ಟ ಹಾಗೆ. ಪೂರ್ತಿ ತೆಗೆದು, ಒಣಗಿಸಿ, ಹೊಸದಾಗಿ ಹಾಕಿ.

ತೆಳ್ಳಗಾದ ಉಗುರು ಸರಿಹೋಗಲು ಔಷಧಿ ಏನೂ ಇಲ್ಲ, ಬೆಳೆದು ಹೋಗಬೇಕು ಅಷ್ಟೇ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಗೆ ಹೊಸ ಉಗುರು ಬರಲು ಆರು ತಿಂಗಳ ಲೆಕ್ಕ. ಬಸ್ಸಿನಲ್ಲಿ ಮೀಟಿದ ಎರಡು ನಿಮಿಷಕ್ಕೆ ಆರು ತಿಂಗಳು.

ಅಲರ್ಜಿಯ ಮಾತು. ಬೆರಳ ತುದಿ ತುರಿಸಿ ಸಿಪ್ಪೆ ಏಳುವುದಷ್ಟೇ ಅಲ್ಲ, ಕಣ್ಣಿನ ರೆಪ್ಪೆ, ಕತ್ತು ಕೆಂಪಾದರೂ ಉಗುರೇ ಕಾರಣ ಇರಬಹುದು, ದಿನಕ್ಕೆ ಎಷ್ಟೋ ಸಲ ಅಲ್ಲೆಲ್ಲ ಕೈ ಹೋಗುತ್ತದಲ್ಲ. ಈಗ ಕೆಲವು ಡಬ್ಬಿಗಳಲ್ಲಿ ಮಾಮೂಲಿ ಗ್ಲೂ ಬದಲು ಜೆಲ್ ಅಂಟು, ಜೊತೆಗೆ ಪುಟ್ಟ ಲ್ಯಾಂಪ್ ಬರುತ್ತದೆ. ಅದು ಜೆಲ್ ಪಾಲಿಶ್ ಜಾತಿಯದ್ದು. ಲ್ಯಾಂಪ್ ಸಾಲದೆ ಅರೆಬರೆ ಗಟ್ಟಿಯಾದರೆ, ಚರ್ಮಕ್ಕೆ ಹರಿದರೆ, ಅಲರ್ಜಿಯ ಸಾಧ್ಯತೆ ಜಾಸ್ತಿ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಮುಂದೆ ಹಲ್ಲಿಗೆ ಫಿಲ್ಲಿಂಗ್ ಹಾಕಿಸುವಾಗಲೂ ತೊಂದರೆ ಕೊಡಬಹುದು, ಅಲ್ಲಿ ಬಳಸುವುದೂ ಅದೇ ಜಾತಿಯ ರಾಸಾಯನಿಕ. ಇಂಥ ಜೆಲ್‌ಗಳು ಲ್ಯಾಂಪ್ ಬೆಳಕಿಗೆ ಗಟ್ಟಿಯಾಗಲಿ ಅಂತ ಬಳಸುತ್ತಿದ್ದ ಟಿಪಿಒ ಅನ್ನುವ ಒಂದು ವಸ್ತುವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಮನೆಯಲ್ಲಿ ಮಾಡಿಕೊಳ್ಳುವವರಿಗೆ ಲ್ಯಾಂಪ್ ಇಲ್ಲದ ಮಾಮೂಲಿ ಗ್ಲೂ ಅಥವಾ ಸ್ಟಿಕರ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ನೀರಿನಲ್ಲಿ ನೆನೆಸಿ ಜೋಪಾನವಾಗಿ ತೆಗೆದ ಉಗುರನ್ನು ಎರಡು ಮೂರು ಸಲ ಬಳಸಬಹುದು. ಒಳಗಿನ ಒಣ ಗ್ಲೂ ಫೈಲ್‌ನಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ ಡಬ್ಬಿಗೆ ಹಾಕಿ. ತಂಗಿ ಕೇಳಿದರೂ ಹಂಚಿಕೊಳ್ಳಬೇಡಿ, ಅವಳಿಗೆ ಹೊಸದೇ ಕೊಡಿಸಿ. ನಾನು ಡಬ್ಬಿಯ ಮುಚ್ಚಳದ ಒಳಗೆ ಹತ್ತೂ ಬೆರಳಿನ ನಂಬರ್ ಬರೆದಿಟ್ಟಿದ್ದೇನೆ, ಬ್ಯಾಗಿನಲ್ಲಿ ನಾಲ್ಕು ಸ್ಟಿಕರ್, ಎರಡು ಬಿಡಿ ಉಗುರು ಇರುತ್ತವೆ. ಬ್ರ್ಯಾಂಡ್ ಬದಲಿಸಿದರೆ ಮಾತ್ರ ಆ ನಂಬರ್ ಕೆಲಸಕ್ಕೆ ಬರುವುದಿಲ್ಲ. ಒಬ್ಬರ 3 ಇನ್ನೊಬ್ಬರ 4 ಆಗಿರುತ್ತದೆ, ಮತ್ತೆ ಹತ್ತೂ ಬೆರಳು ಅಳೆಯಬೇಕು.